ಹಗ್ಗ ಹಿಡಿದ ಕೈ

ಬೆಳ್ಮಣ್ ದಾಟುವವರೆಗೂ ತಾರಾನಾಥನಿಗೆ ಒಂದು ಸಣ್ಣ ಆಸೆ ಇತ್ತು, ಬಸ್ಸು ಕೆಟ್ಟು ನಿಲ್ಲಬಹುದು ಎಂದು. ಕಾರ್ಕಳದಿಂದ ಹೊರಡುವವುಗಳಲ್ಲಿ ಹಳೆಯದನ್ನು, ಕೈ ಎತ್ತಿದಲ್ಲೆಲ್ಲ ನಿಲ್ಲುವುದನ್ನು ಅವನೇ ಆರಿಸಿದ್ದ. ಬೇಗ ಹೋಗಿ ಮಾಡುವುದೆಂತ, ಎಕ್ಸ್‌ಪ್ರೆಸ್ಸಿನವರಿಗೆ ಸುಮ್ಮನೆ ಯಾಕೆ ಹೆಚ್ಚು ಕೊಡುವುದು ಎಂದು ಹೆಂಡತಿಗೆ ಸಮಜಾಯಿಷಿ ಹೇಳಿದ್ದ. ಬೇರೆ ದಿನವಾದರೆ ಏರಿನಲ್ಲಿ ಕೆಮ್ಮಿ ಕೆಮ್ಮಿ ನಿಲ್ಲುವ ಆ ಬಸ್ಸು ಇವತ್ತು ಮಾತ್ರ ಹಟ ಹಿಡಿದಂತೆ ಓಡುತ್ತಿತ್ತು. ಕಿಟಕಿಯ ಬದಿಯಲ್ಲಿ ಮಾನಸ, ಅವಳ ಮಡಿಲಲ್ಲಿ ಬಟ್ಟೆಯ ಚೀಲ, ಚೀಲದಲ್ಲಿ ಒಂದು ಹಳೆಯ ಚೂಡಿದಾರ, ಟವೆಲು, ಡಬ್ಬಿಯಲ್ಲಿ ಒಗ್ಗರಣೆ ಅವಲಕ್ಕಿ. ಮದುವೆಯಾಗಿ ಬಂದ ಮೇಲೆ ಅವಳು ತನಗೆ ಎಂದು ಬಾಯಿಬಿಟ್ಟು ಕೇಳಿದ್ದು ಇದೊಂದನ್ನೇ, ಆದರೆ ಇದನ್ನು ವರ್ಷಗಟ್ಟಲೆ ಕೇಳಿದ್ದಳು. ಕಾಪುವಿಗೆ ಹೋಗುವ, ನೀವು ಮುಳುಗುತ್ತಿದ್ದ ಜಾಗ ನನಗೂ ತೋರಿಸಿ. ಹೆಚ್ಚೆಂದರೆ ಒಂದೂವರೆ ಗಂಟೆಯ ದಾರಿ, ಅಷ್ಟು ದೂರಕ್ಕೆ ಹೋಗದಿರಲು ಅವನು ಹೇಳಿದ ನೆವಗಳನ್ನು ಸಾಲಾಗಿ ಇಟ್ಟರೆ ಮುಂಬಯಿ ಮುಟ್ಟಬಹುದಿತ್ತು. ಮಳೆ, ಕಾರ್ಖಾನೆಯಲ್ಲಿ ರಜೆ ಇಲ್ಲ, ಆ ಬದಿಯಲ್ಲಿ ಈಗ ಯಾರೂ ಪರಿಚಯದವರಿಲ್ಲ. ನೆವಗಳೆಲ್ಲ ಮುಗಿದು ಇವತ್ತು ಬಸ್ಸು ಓಡುತ್ತಿತ್ತು. ಅವನು ಕಾಪುವಿನ ಕಡಲಲ್ಲಿ ಒಂದು ದಿನವೂ ಮುಳುಗಿದವನಲ್ಲ. ಇದು ಈ ಲೋಕದಲ್ಲಿ ಮಾನಸಳೊಬ್ಬಳಿಗೆ ಗೊತ್ತಿರಲಿಲ್ಲ.

ಅಲ್ಲಿ ಇದ್ದದ್ದು ನಿಜ. ಮದುವೆಗೆ ಮೊದಲು ಕೆಲವು ಬೇಸಿಗೆ ಅವನು ಕಾಪುವಿನ ಹೂವಪ್ಪನ ದೋಣಿಯಲ್ಲಿದ್ದ. ದೀಪಸ್ತಂಭದ ಆಚೆ ನೀರಿನೊಳಗಿನ ಬಂಡೆಗಳಿಗೆ ಕಚ್ಚಿಕೊಂಡಿರುವ ಪಚ್ಚಿಲೆಯನ್ನು, ಆ ಹಸಿರು ಚಿಪ್ಪುಗಳನ್ನು, ಹೂವಪ್ಪ ಉಸಿರು ಕಟ್ಟಿ ಇಳಿದು ಕಬ್ಬಿಣದ ಉಳಿಯಿಂದ ಎಬ್ಬಿಸಿ ಬಲೆಯ ಚೀಲದಲ್ಲಿ ತುಂಬಿ ತರುತ್ತಿದ್ದ. ಅವನ ಸೊಂಟಕ್ಕೆ ಹಗ್ಗ, ಹಗ್ಗದ ಈಚೆಯ ತುದಿ ದೋಣಿಯಲ್ಲಿ ಕುಳಿತವನ ಕೈಯಲ್ಲಿ. ಕೆಳಗಿನಿಂದ ಎರಡು ಸಲ ಜಗ್ಗಿದರೆ ಮೇಲಕ್ಕೆ ಎಳೆಯಬೇಕು. ಹೂವಪ್ಪನ ಮನೆಯಲ್ಲಿ ಅದಕ್ಕೊಂದು ಕಟ್ಟು ಇತ್ತು: ಹಗ್ಗ ಹಿಡಿಯುವವನು ಭಾವನೇ ಆಗಬೇಕು, ಹೆಂಡತಿಯ ಒಡಹುಟ್ಟಿದವನು. ಸ್ವಂತ ತಮ್ಮನಾದರೆ ಪಾಲಿನ ಯೋಚನೆ ಬಂದೀತು, ಅಕ್ಕನ ಕರಿಮಣಿ ಕೈಯಲ್ಲಿ ಹಿಡಿದವನಿಗೆ ತೂಕಡಿಕೆ ಬಾರದು. ಹೂವಪ್ಪನ ಹೆಂಡತಿ ಅಕ್ಕುವಿಗೆ ಅಣ್ಣತಮ್ಮಂದಿರಿರಲಿಲ್ಲ. ಬೆಳ್ಮಣ್ಣಿನಿಂದ ಕೆಲಸ ಹುಡುಕಿಕೊಂಡು ಬಂದ ಈ ಸಣಕಲನನ್ನು ಅಂಗಳದಲ್ಲಿ ನಿಲ್ಲಿಸಿ, ದೀಪ ಇಟ್ಟು, ವೀಳ್ಯ ಕೊಟ್ಟು, ಇವನು ನನ್ನ ತಮ್ಮ ಎಂದು ನೆರೆಯವರ ಎದುರು ಹೇಳಿ ಅವಳು ಹಗ್ಗವನ್ನು ಅವನ ಕೈಗೆ ಹಾಕಿದ್ದಳು. ಆವತ್ತಿನಿಂದ ಹೂವಪ್ಪ ಅವನನ್ನು ಭಾವ ಎಂದೇ ಕರೆದ. ಕಟ್ಟಿನ ಇನ್ನೊಂದು ತುದಿಯೂ ಇತ್ತು. ಹಗ್ಗದವನು ನೀರಿಗೆ ಇಳಿಯಬಾರದು, ಇಬ್ಬರೂ ಕೆಳಗಿದ್ದರೆ ಎಳೆಯುವವರು ಯಾರು? ಹಾಗಾಗಿ ಕಡಲಿನ ಒಳಗು ಅವನಿಗೆ ಗೊತ್ತಾದದ್ದು ಅಂಗೈಯಿಂದ. ಹಗ್ಗ ಸಡಿಲವಾದರೆ ಹೂವಪ್ಪ ಬಂಡೆ ಹಿಡಿದಿದ್ದಾನೆ, ಸಣ್ಣಗೆ ನಡುಗಿದರೆ ಉಳಿ ಬೀಳುತ್ತಿದೆ, ಓರೆಯಾಗಿ ಎಳೆದರೆ ಒಳಸೆಳೆತ. ಮೇಲೆ ಬಂದು ಉಸಿರು ತಿರುಗಿದ ಮೇಲೆ ಹೂವಪ್ಪ ಹೇಳುವ ಸುದ್ದಿಯನ್ನು ಅವನು ಊಟ ಬಿಟ್ಟು ಕೇಳುತ್ತಿದ್ದ. ಅಷ್ಟು ಸುಖವಾಗಿ ಅವನು ಬೇರೆಲ್ಲೂ ಇದ್ದದ್ದಿಲ್ಲ. ಕೊನೆಯ ಬೇಸಿಗೆಯ ಕೊನೆಯ ದಿನ, ಇನ್ನು ಮಳೆ ಹಿಡಿಯುತ್ತದೆ ಎನ್ನುವಾಗ, ಹೂವಪ್ಪ ಸೊಂಟದ ಹಗ್ಗ ಬಿಚ್ಚಿ ಅವನ ಕಡೆ ಚಾಚಿದ. "ಬಾ ಭಾವ, ಇವತ್ತು ನಾನು ಹಿಡಿಯುತ್ತೇನೆ. ಒಮ್ಮೆ ಹೋಗಿ ಕಣ್ಣಾರೆ ನೋಡಿ ಬಾ." ಕಟ್ಟು ಮೀರಬಾರದು ಭಾವ, ಎಂದಿದ್ದ ಅವನು. ಹೂವಪ್ಪ ನಕ್ಕಿದ್ದ. ಕಟ್ಟು ಅಲ್ಲ, ಹೆದರಿಕೆ ಎಂದು ಇಬ್ಬರಿಗೂ ಗೊತ್ತಿತ್ತು. ಆ ಮಳೆಗಾಲ ಅವನು ಕಾರ್ಕಳದ ಗೇರುಬೀಜದ ಕಾರ್ಖಾನೆ ಸೇರಿದ, ಹೇಳಿ ಹೋಗಲೂ ಇಲ್ಲ.

ಪಡುಬಿದ್ರಿಯಲ್ಲಿ ಬಸ್ಸು ಬದಲಿಸುವಾಗ ಮಾನಸ ಕೇಳಿದಳು, "ಆ ಡೈವಿಂಗಿನವರು ಬಟ್ಟಲು ಇರುವ ಜಾಗಕ್ಕೇ ಕರೆದುಕೊಂಡು ಹೋಗ್ತಾರಾ, ಅಥವಾ ಹೇಳಬೇಕಾ?" ಬಂಡೆ ಎಲ್ಲ ಒಂದೇ ಕಡೆ ಉಂಟು, ಎಂದ ಅವನು. ಆ ಬಟ್ಟಲನ್ನು ಅವನು ಬರೀ ಮಾತಿನಲ್ಲಿ ಮಾಡಿದ್ದು ಮಣಿಪಾಲದ ಆಸ್ಪತ್ರೆಯ ವಾರ್ಡಿನಲ್ಲಿ. ತಿಂಗಳು ತುಂಬುವ ಮೊದಲೇ ಬಂದ ಮಗು ಅಳಲಿಲ್ಲ. ಮಾನಸ ಗೋಡೆಯ ಕಡೆ ತಿರುಗಿ ಮಲಗಿದವಳು ಯಾರ ಮಾತಿಗೂ ಇತ್ತ ತಿರುಗಲಿಲ್ಲ. ಅವನಲ್ಲಿ ಕೊಡಲು ಏನಿತ್ತು? ಸ್ಟೂಲಿನ ಮೇಲೆ ಕುಳಿತು ಕಡಲಿನ ಸುದ್ದಿ ತೆಗೆದ. ಮೊದಲ ದಿನ ಎಲ್ಲವೂ ಹೂವಪ್ಪ ಕಂಡದ್ದೇ, ಆದರೆ ಹೂವಪ್ಪ ಕಂಡದ್ದು ಎನ್ನುವಲ್ಲಿ ನಾನು ಕಂಡದ್ದು ಎಂದು ಬಂತು, ಬಂದದ್ದನ್ನು ತಿದ್ದಲಿಲ್ಲ. ಗೋಡೆಯ ಕಡೆಯಿಂದ ಹೂಂ ಎಂಬ ಸ್ವರ ಕೇಳಿತು. ಆ ಒಂದು ಹೂಂಗಾಗಿ ಅವನು ಮರುದಿನವೂ ಹೇಳಿದ. ಹೂವಪ್ಪನ ಸರಕು ತೀರಿದ ಮೇಲೆ ತನ್ನದು ಶುರುವಾಯಿತು. ದೊಡ್ಡ ಬಂಡೆಯ ಬುಡದಲ್ಲಿ ಬಟ್ಟಲಿನ ಹಾಗೆ ಒಂದು ಕುಳಿ ಉಂಟು, ಅಲ್ಲಿ ಅಲೆ ಇಲ್ಲ, ಸದ್ದಿಲ್ಲ. ಬೆರಳುದ್ದದ ಮರಿಮೀನುಗಳು ತುಂಬ ಉಂಟು. ಕೈ ಅಲುಗಿಸದೆ ಚಾಚಿ ಹಿಡಿದರೆ ಬಂದು ಅಂಗೈಯಲ್ಲಿ ಕುಳಿತುಕೊಳ್ಳುತ್ತವೆ. ನಿಮ್ಮ ಕೈಯಲ್ಲಿ ಕುಳಿತಿತ್ತಾ? ಎಂದು ಅವಳು ಈ ಕಡೆ ತಿರುಗಿ ಕೇಳಿದಳು. ಎಷ್ಟೋ ದಿನದ ಮೇಲೆ ಅವಳ ಮುಖ ಕಂಡಿತ್ತು. ಕುಳಿತಿತ್ತು, ಎಂದ. ಹೊದಿಕೆಯ ಕೆಳಗೆ ಅವಳ ಅಂಗೈ ಮೆಲ್ಲಗೆ ಬಿಡಿಸಿಕೊಂಡದ್ದು ಅವನಿಗೆ ಕಂಡಿತು. ಮತ್ತೆ ಅವರಿಗೆ ಮಕ್ಕಳಾಗಲಿಲ್ಲ. ಬಟ್ಟಲು ಉಳಿಯಿತು. ಮನಸ್ಸು ತೀರ ಕೆಟ್ಟ ದಿನ ಅವಳೇ, ಬಟ್ಟಲಿನದ್ದು ಹೇಳಿ, ಎನ್ನುತ್ತಿದ್ದಳು. ಅವನು ಹೇಳುತ್ತಿದ್ದ, ಪ್ರತಿಸಲವೂ ಸ್ವಲ್ಪ ಚಂದ ಮಾಡಿ.

ಈಗ ಅದಕ್ಕೂ ಅಂಗಡಿ ಬಂದಿದೆ. ಈಜು ಬಾರದವರನ್ನೂ ಬೆನ್ನಿಗೆ ಸಿಲಿಂಡರು ಕಟ್ಟಿ ಇಳಿಸುತ್ತಾರಂತೆ, ಕೈ ಹಿಡಿದುಕೊಂಡೇ ಇರುತ್ತಾರಂತೆ. ರವಕೆ ಹೊಲಿಸಲು ಬಂದವರು ಯಾರೋ ಮೊಬೈಲಿನಲ್ಲಿ ತೋರಿಸಿದ್ದನ್ನು ಮಾನಸ ಮಿಷನ್ ನಿಲ್ಲಿಸಿ ಮತ್ತೆ ಮತ್ತೆ ನೋಡಿದ್ದಳು. ಸೀಸನ್ನಿನ ಕೊನೆ, ವಾರದ ನಡುವಿನ ದಿನ, ಅರ್ಧ ರೇಟು. ಕಾರ್ಖಾನೆ ಈಚೆಗೆ ತೆರೆದದ್ದಕ್ಕಿಂತ ಮುಚ್ಚಿದ್ದೇ ಹೆಚ್ಚು, ಆದ್ದರಿಂದ ಅರ್ಧ ರೇಟೂ ಅವರಿಗೆ ಹೊರೆಯೇ. "ನನಗೊಬ್ಬಳಿಗೆ ಸಾಕು. ನೀವು ನೋಡಿದವರೇ ಅಲ್ವಾ," ಎಂದಿದ್ದಳು. ಬಡತನ ಹೀಗೂ ಮಾನ ಕಾಯುತ್ತದೆ ಎಂದು ಅವನಿಗೆ ಆ ಕ್ಷಣ ಸಮಾಧಾನವಾಗಿತ್ತು. ರಾತ್ರಿ ಮಲಗಿದ ಮೇಲೆ ತಿಳಿಯಿತು, ಅವಳು ಇಳಿಯುವುದು ಬಟ್ಟಲು ಹುಡುಕಲು.

ಕಾಪು ಪೇಟೆಯಿಂದ ಕಡಲಿಗೆ ನಡೆದೇ ಹೋದರು. ರಿಕ್ಷಾದವನು ರೇಟು ಹೇಳಿ, ಇವರ ಮುಖ ನೋಡಿ, ಉತ್ತರಕ್ಕೂ ಕಾಯದೆ ಬೇರೆ ಕಡೆ ತಿರುಗಿದ್ದ. ಬಿಸಿಲು ಏರುತ್ತಿತ್ತು. ತಿರುವು ಕಳೆದು ದೀಪಸ್ತಂಭದ ತಲೆ ಕಂಡಾಗ ತಾರಾನಾಥನ ಎದೆ ಅವನನ್ನು ಕೇಳದೆ ಹಿಗ್ಗಿತು. ಕಪ್ಪು ಬಂಡೆ, ಅದರ ಮೇಲೆ ಆ ಗೋಪುರ, ಹಿಂದೆ ಕಡಲು, ಉಪ್ಪು ಮತ್ತು ಒಣಮೀನಿನ ಗಾಳಿ. ಅಳು ಬರುವ ಹಾಗಾಯಿತು. ಇಷ್ಟು ಪ್ರೀತಿಸಿದ ಊರಿಗೆ ಕಳ್ಳನ ಹಾಗೆ ತಲೆ ತಗ್ಗಿಸಿ ಬರಬೇಕಾಯಿತಲ್ಲ. ದೋಣಿ ಎಳೆದಿಡುತ್ತಿದ್ದ ಜಾಗದಲ್ಲಿ ಬಣ್ಣದ ಕುರ್ಚಿಗಳು, ಅದರಾಚೆ ಡೈವಿಂಗಿನವರ ಕೋಣೆ. ಒಳಗಿದ್ದ ಜೋವಿನ್ ಎಂಬ ತರಬೇತಿಯವನು ಒಳ್ಳೆಯವನೇ, ಮಾತಿನಲ್ಲಿ ಮರ್ಯಾದೆ ಇತ್ತು. "ಆಂಟಿ ಒಬ್ಬರೇನಾ? ಅಂಕಲ್ ಬರುವುದಿಲ್ವಾ?"

"ಅವರಿಗೆ ಇದೆಲ್ಲ ಹೊಸತಲ್ಲ," ಎಂದಳು ಮಾನಸ. ಅವಳ ಸ್ವರದಲ್ಲಿ ಹೆಮ್ಮೆ ಇತ್ತು. "ಅವರು ಸಿಲಿಂಡರು ಗಿಲಿಂಡರು ಇಲ್ಲದೆ ಇಲ್ಲಿಯೇ ಮುಳುಗುತ್ತಿದ್ದವರು."

"ಹೌದಾ ಅಂಕಲ್!" ಜೋವಿನ್‌ಗೆ ನಿಜವಾಗಿಯೂ ಖುಷಿಯಾಗಿತ್ತು. "ಹಳಬರು ಸಿಗುವುದೇ ಇಲ್ಲ. ಎಷ್ಟು ಆಳ ಹೋಗುತ್ತಿದ್ದಿರಿ? ಕಿವಿಗೆ ಎಂತ ಮಾಡುತ್ತಿದ್ದಿರಿ?"

"ಅದೆಲ್ಲ ಹಳೇ ಕಾಲದ್ದು," ಎಂದು ತಾರಾನಾಥ ಗೋಡೆಯ ಮೇಲಿನ ಮೀನುಗಳ ಚಿತ್ರಪಟ ನೋಡತೊಡಗಿದ. ಕಿವಿಗೆ ಏನು ಮಾಡಬೇಕು ಎಂಬುದು ಅವನಿಗೆ ಗೊತ್ತಿರಲಿಲ್ಲ, ಹೂವಪ್ಪ ಅದನ್ನು ಹೇಳಿರಲಿಲ್ಲ. ಬೋಟು ಹೊರಡಲು ಇನ್ನೂ ಹೊತ್ತಿದೆ, ಚಹಾ ಕುಡಿದು ಬನ್ನಿ, ಎಂದ ಜೋವಿನ್.

ದಾರಿಯ ಬದಿಯಲ್ಲಿ ತಗಡಿನ ಮಾಡಿನ ಒಂದು ಕ್ಯಾಂಟೀನು. ಒಂದೇ ಚಹಾ ಸಾಕು, ಹಂಚಿಕೊಳ್ಳುವ ಎಂದು ಅವನೇ ಹೇಳಿದ. ಬೆಂಚಿನಲ್ಲಿ ಕುಳಿತು, ಮಾನಸಳ ಕೈಯಿಂದ ತೆಗೆದುಕೊಂಡ ಚೀಲದ ಹಿಡಿಯನ್ನು ಅಂಗೈಗೆ ಒಂದು ಸುತ್ತು, ಹೆಬ್ಬೆರಳಿನ ಹಿಂದಿನಿಂದ ಇನ್ನೊಂದು ಸುತ್ತು ಸುತ್ತಿ ಹಿಡಿದ. ಯಾವ ಚೀಲವನ್ನಾದರೂ ಅವನು ಹಾಗೆಯೇ ಹಿಡಿಯುವುದು, ಮಾನಸ ಎಷ್ಟೋ ಸಲ ತಮಾಷೆ ಮಾಡಿದ್ದಳು. ಗ್ಲಾಸು ತಂದಿಟ್ಟ ಹೆಂಗಸು ಮುಖ ನೋಡಲಿಲ್ಲ, ಆ ಕೈಯನ್ನೇ ನೋಡುತ್ತಾ ನಿಂತಳು. ತಲೆ ಪೂರ್ತಿ ನರೆತಿತ್ತು.

"ಹೀಗೆ ಸುತ್ತಲಿಕ್ಕೆ ನಮ್ಮವರು ಒಬ್ಬನಿಗೇ ಕಲಿಸಿದ್ದು," ಎಂದಳು. ಆಮೇಲೆ ಕಣ್ಣು ಮೇಲೆತ್ತಿದಳು. "ತಾರು ಅಲ್ವಾ ನೀನು?"

ಅಕ್ಕ, ಎಂದು ಬಾಯಿಗೆ ತಾನಾಗಿಯೇ ಬಂತು. ಅಕ್ಕು ಎದುರಿನ ಬೆಂಚಿನಲ್ಲಿ ಕುಸಿದು ಕುಳಿತು, ಈಗ ಎಲ್ಲಿದ್ದೀ ಎಂದು ಕೇಳಿ, ಕಾರ್ಕಳ ಎಂದು ತಿಳಿದ ಕೂಡಲೆ ಅವನನ್ನು ಬೈಯತೊಡಗಿದಳು. ಇದ್ದೀಯೋ ಸತ್ತಿದ್ದೀಯೋ ಎಂದಾದರೂ ಒಂದು ಮಾತು ಹೇಳಿ ಕಳಿಸಬಾರದಾ ಮಾರಾಯ, ಕಾರ್ಕಳ ಎಂದರೆ ಏನು ವಿಲಾಯತಿಯಾ? ಬೈಯುತ್ತಲೇ ಇನ್ನೊಂದು ಚಹಾ ತಂದಿಟ್ಟಳು, ಗೋಳಿಬಜೆಯ ತಟ್ಟೆ ಇಟ್ಟಳು, ಮಾನಸಳ ಗಲ್ಲ ಹಿಡಿದು ನೋಡಿದಳು. "ನಿನ್ನ ಗಂಡನನ್ನು ನಾನು ತಮ್ಮ ಮಾಡಿಕೊಂಡವಳು. ಆ ಲೆಕ್ಕಕ್ಕೆ ನಾನು ನಿನಗೆ ಅತ್ತಿಗೆ. ಇವನ ಕೈಯಲ್ಲಿ ಹಗ್ಗ ಉಂಟು ಎಂದರೆ ನನಗೆ ಮನೆಯಲ್ಲಿ ಧೈರ್ಯ. ಪಾಪ, ಆ ಬಿಸಿಲಲ್ಲಿ ದೋಣಿಯಲ್ಲಿ ಕುಳಿತು ಕುಳಿತು ಕರಿಕಟ್ಟಿ ಹೋಗಿದ್ದ. ಒಂದು ದಿನ ನೀರಿಗೆ ಇಳಿದವನಲ್ಲ! ಅವರು ಮೇಲೆ ಬಂದು ಅದುಂಟು ಇದುಂಟು ಎಂದು ಹೇಳುವುದು, ಇವನು ಬಾಯಿ ತೆರೆದುಕೊಂಡು ಕೇಳುವುದು. ಇವರಿಬ್ಬರ ಮಾತು ಕೇಳಿ ನನಗೆ ನಗೆ."

ತಾರಾನಾಥ ಗ್ಲಾಸಿನಲ್ಲಿ ತೇಲುವ ಚಹಾದ ಕೆನೆಯನ್ನು ನೋಡುತ್ತಿದ್ದ. ಇಷ್ಟು ವರ್ಷ ಹೆದರಿದ್ದು ಹೀಗೆ, ಗೋಳಿಬಜೆಯ ಜೊತೆ, ನಗುನಗುತ್ತಾ ಬಂದು ಮುಗಿದೇ ಹೋಗಿತ್ತು. ತಲೆ ಎತ್ತಿದಾಗ ಮಾನಸ ಗೋಳಿಬಜೆಯನ್ನು ಎರಡು ಮಾಡಿ ಒಳಗಿನ ಬಿಸಿ ಆರಲು ಬಿಟ್ಟಿದ್ದಳು. "ಹೌದಾ ಅತ್ತಿಗೆ," ಎಂದಳು. ಅಷ್ಟೇ. ಅವನ ಕಡೆ ತಿರುಗಲಿಲ್ಲ. ಭಾವ ಎಲ್ಲಿ, ಎಂದು ಅವನು ಕೇಳಿದ್ದು ಮಾತು ಬೇರೆ ಕಡೆ ಹೋಗಲಿ ಎಂದು. ಆ ನೆವಕ್ಕೂ ಶಿಕ್ಷೆ ಕಾದಿತ್ತು.

"ಹೋಗಿ ಸುಮಾರು ಸಮಯ ಆಯಿತಲ್ಲ," ಎಂದಳು ಅಕ್ಕು. "ಕಡಲು ಕೊಂಡುಹೋಗಲಿಲ್ಲ ನೋಡು. ಸಕ್ಕರೆ ಕಾಯಿಲೆ, ಕಾಲು ತೆಗೆದರು. ಮಣಿಪಾಲದಲ್ಲಿ ಮಂಚದಲ್ಲಿಯೇ ಹೋದರು. ಕೊನೆಕೊನೆಗೆ ಮಾತು ನಿಂತಿತ್ತು. ಹೊದಿಕೆಯ ತುದಿ ಹಿಡಿದು ಎರಡು ಸಲ ಜಗ್ಗುವುದು, ಸ್ವಲ್ಪ ಬಿಟ್ಟು ಮತ್ತೆ ಎರಡು ಸಲ. ಚಳಿ ಆಗುವುದೇನೋ ಎಂದು ನರ್ಸು ಇನ್ನೊಂದು ಹೊದಿಸಿದಳು. ನನಗೆ ಗೊತ್ತಾಯಿತು. ಗೊತ್ತಾಗಿ ಎಂತ ಮಾಡಲಿ ತಾರು, ಹಗ್ಗ ಹಿಡಿದ ಅಭ್ಯಾಸ ನನಗುಂಟಾ?" ಅವಳು ಸೆರಗಿನಿಂದ ಬೆಂಚು ಒರೆಸಿದಳು, ಕಣ್ಣಲ್ಲ. ಹೊರಟಾಗ ಚಹಾದ ದುಡ್ಡು ಮುಟ್ಟಲಿಲ್ಲ. ಅದನ್ನು ಜೇಬಿಗೆ ವಾಪಸು ಹಾಕುವಾಗ ಉಳಿಯಿತಲ್ಲ ಎಂದು ಅವನ ಮನಸ್ಸಿನ ಒಂದು ಮೂಲೆ ಲೆಕ್ಕ ಹಾಕಿತು, ಆ ಮೂಲೆಗೆ ಅವನು ಹೇಸಿದ.

ಮರಳಿನಲ್ಲಿ ನಡೆಯುವಾಗ ಅವನು ಪ್ರಶ್ನೆಗೆ ಕಾದ. ಈಗ ಕೇಳುತ್ತಾಳೆ, ಆ ಕುರ್ಚಿಗಳನ್ನು ದಾಟಿದ ಮೇಲೆ ಕೇಳುತ್ತಾಳೆ. ಬೈದರೆ ಬೈಸಿಕೊಳ್ಳಬಹುದು, ಅತ್ತರೆ ಸಮಾಧಾನ ಮಾಡಬಹುದು, ಅದಕ್ಕೆಲ್ಲ ಅವನು ತಯಾರಿದ್ದ. ನಾನು ಇಳಿಯುವುದಿಲ್ಲ, ದುಡ್ಡು ವಾಪಸು ಕೇಳಿ, ಎಂದರೂ ಕೇಳಲು ತಯಾರಿದ್ದ. ಅವಳು ಕೋಣೆಯ ಬಾಗಿಲಲ್ಲಿ ನಿಂತು, "ಬಟ್ಟೆ ಬದಲಿಸಲಿಕ್ಕೆ ಜಾಗ ಎಲ್ಲಿ ಉಂಟು, ಕೇಳಿ ಬನ್ನಿ," ಎಂದಳು. ಅವಳ ಲೆಕ್ಕ ಅವನಿಗೆ ಹೊಳೆಯಿತು: ಇಳಿಯದೇ ಹೇಳಿದ್ದೆಲ್ಲ ಹೂವಪ್ಪನಿಂದ ಕೇಳಿದ್ದು ಎಂದಾದರೆ, ಬಟ್ಟಲೂ ಹೂವಪ್ಪನದೇ ಇರಬಹುದಲ್ಲ. ಗಂಡ ಸುಳ್ಳಾದರೂ ಬಟ್ಟಲು ನಿಜ ಇರಬಹುದಲ್ಲ. ಅವಳು ಅಷ್ಟನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಾಳೆ. ಹೇಳಿಬಿಡಬೇಕು ಎಂದು ಅವನು ಒಂದು ಹೆಜ್ಜೆ ಮುಂದೆ ಬಂದ. ಅಷ್ಟರಲ್ಲಿ ಅವಳು ಜೋವಿನ್ ತೋರಿಸಿದ ಬಟ್ಟೆ ಬದಲಿಸುವ ಕೋಣೆ ಹೊಕ್ಕು ಬಾಗಿಲು ಹಾಕಿಕೊಂಡಳು.

ವಾರದ ದಿನ, ಜನ ಇಲ್ಲ, ಅಂಕಲ್ ಬೇಕಾದರೆ ಸುಮ್ಮನೆ ಬೋಟಿನಲ್ಲಿ ಬರಲಿ ಎಂದ ಜೋವಿನ್. ದೀಪಸ್ತಂಭ ಹಿಂದೆ ಸರಿದು ಬೆರಳಿನಷ್ಟಾದ ಜಾಗ ಅವನಿಗೆ ಕಣ್ಣು ಮುಚ್ಚಿಯೂ ಗೊತ್ತು. ಆದರೆ ನೀರು ಆ ನೀರಾಗಿರಲಿಲ್ಲ, ಮಳೆಗೆ ಮೊದಲಿನ ಉಬ್ಬರಕ್ಕೆ ತಳ ಕದಡಿ ರಾಗಿ ಅಂಬಲಿಯ ಬಣ್ಣಕ್ಕೆ ತಿರುಗಿತ್ತು. ಇವತ್ತು ಕೆಳಗೆ ಸ್ವಲ್ಪ ಮಬ್ಬು ಇರಬಹುದು ಆಂಟಿ, ಎಂದು ಜೋವಿನ್ ಮೊದಲೇ ಹೇಳಿದ. ಕೇಳಿದ ಕೂಡಲೆ ತಾರಾನಾಥನಿಗೆ ಸಂತೋಷವಾಯಿತು. ಏನೂ ಕಾಣದಿದ್ದರೆ ಬಟ್ಟಲು ಇಲ್ಲ ಎಂದೂ ಕಾಣುವುದಿಲ್ಲ. ಕಷ್ಟಪಟ್ಟು ಹೊಲಿದು ಕೂಡಿಸಿದ್ದರಲ್ಲಿ ಹೆಂಡತಿ ಜೀವನದಲ್ಲಿ ಒಮ್ಮೆ ಕಡಲಿಗೆ ಇಳಿಯುತ್ತಿದ್ದಾಳೆ, ಅವಳ ಕಣ್ಣಿಗೆ ಕೆಸರು ಬೀಳಲಿ ಎಂದು ಅವನು ಬೇಡುತ್ತಿದ್ದಾನೆ. ಮುಖವಾಡದ ಗಾಜಿನೊಳಗಿಂದ ಅವಳು ಒಂದು ಸಲ ಅವನನ್ನು ನೋಡಿದಳು. ನಂತರ ಲಂಗರಿನ ಹಗ್ಗ ಹಿಡಿದು ಜೋವಿನ್ ಜೊತೆ ಇಳಿದಳು. ತಲೆ ಮುಳುಗಿತು, ಮೇಲೆ ಗುಳ್ಳೆಗಳು ಉಳಿದವು.

ಅವನ ಕೈ ತಾನಾಗಿ ಹೋಗಿ ಆ ಹಗ್ಗವನ್ನು ಹಿಡಿಯಿತು, ಅಂಗೈಗೆ ಒಂದು ಸುತ್ತು, ಹೆಬ್ಬೆರಳಿನ ಹಿಂದಿನಿಂದ ಇನ್ನೊಂದು. "ಅಂಕಲ್, ಅದನ್ನು ಮುಟ್ಟಬೇಡಿ," ಎಂದ ಬೋಟಿನವನು. "ಕೆಳಗೆ ಅವರಿಗೆ ತೊಂದರೆ ಆಗ್ತದೆ." ತಾರಾನಾಥ ಬಿಟ್ಟ. ಬೋಟಿನವನು ಅತ್ತ ತಿರುಗಿದ ಮೇಲೆ ಒಂದು ಬೆರಳನ್ನು ಮಾತ್ರ ಹಗ್ಗದ ಮೇಲೆ ಇಟ್ಟ. ನೈಲಾನು, ಲಂಗರಿಗೆ ಕಟ್ಟಿದ್ದು, ಯಾರ ಸೊಂಟಕ್ಕೂ ಅಲ್ಲ. ಅದು ಬೋಟು ಅಲುಗಿದಂತೆ ಅಲುಗುತ್ತಿತ್ತು, ಬೇರೆ ಸುದ್ದಿ ಹೇಳಲಿಲ್ಲ. ಆದರೂ ಬೆರಳು ಎರಡು ಜಗ್ಗಿಗೆ ಕಾದಿತ್ತು. ಮಾನಸ ಜಗ್ಗಿದರೆ ಎಳೆಯಬಹುದು, ಆ ಒಂದು ಕೆಲಸ ಅವನಿಗೆ ಸರಿಯಾಗಿ ಬರುತ್ತದೆ. ಮಣಿಪಾಲದ ಆ ಮಂಚದಲ್ಲಿ ಹೂವಪ್ಪ ಜಗ್ಗುತ್ತಿದ್ದಾಗ ತಾನು ಎಲ್ಲಿದ್ದೆ? ಕಾರ್ಖಾನೆಯಲ್ಲಿ ಗೇರುಬೀಜ ತೂಗುತ್ತಿದ್ದೆನೋ, ಹೆಂಡತಿಗೆ ಬಟ್ಟಲಿನ ಸುದ್ದಿ ಹೇಳುತ್ತಿದ್ದೆನೋ. ಭಾವನ ಕಡಲನ್ನು ಕದ್ದು ತಂದು ಮಾರಿ ಉಂಡಾಗಿತ್ತು, ಭಾವ ಇದ್ದಾನೋ ಇಲ್ಲವೋ ಎಂದು ಕೇಳಲು ಪುರುಸೊತ್ತು ಇರಲಿಲ್ಲ. ಗುಳ್ಳೆಗಳು ಒಂದೇ ಕಡೆ ಬಹಳ ಹೊತ್ತು ಏಳುತ್ತಿದ್ದವು.

ಮೊದಲು ಜೋವಿನ್‌ನ ತಲೆ ಬಂತು, ಹಿಂದೆ ಮಾನಸಳದು. ಬೋಟಿಗೆ ಹತ್ತಿಸುವಾಗಲೇ ಅವನು ಹೇಳಿದ, "ಸಾರಿ ಅಂಕಲ್. ಇವತ್ತು ಎಂತದೂ ಕಾಣಲಿಲ್ಲ, ನಮ್ಮ ಕೈ ನಮಗೇ ಕಾಣುವುದಿಲ್ಲ ಅಷ್ಟು ಕೆಸರು. ಆಂಟಿಗೆ ಬೇಸರ ಆಯಿತೋ ಏನೋ. ಮೇಲೆ ಹೋಗುವ ಎಂದರೂ ಬರಲಿಲ್ಲ, ಬಂಡೆ ಹತ್ತಿರ ಕುಳಿತೇಬಿಟ್ಟರು."

"ಕಂಡಿತು," ಎಂದಳು ಮಾನಸ. ಹಲ್ಲು ಕಟಕಟ ಎನ್ನುತ್ತಿತ್ತು. ಬೋಟಿನವನಿಗೂ ಕೇಳುವಷ್ಟು ಗಟ್ಟಿಯಾಗಿ, ಗಂಡನ ಕಡೆ ನೋಡಿಕೊಂಡು ಹೇಳಿದಳು, "ಬಟ್ಟಲು ಉಂಟು. ನೀವು ಹೇಳಿದ ಹಾಗೆಯೇ ಉಂಟು."

ಜೋವಿನ್ ಮತ್ತು ಬೋಟಿನವನು ಮುಖ ಮುಖ ನೋಡಿಕೊಂಡು, ಹಿರಿಯರಲ್ಲವೇ ಎಂದು ಲಂಗರು ಎತ್ತಲು ಹೋದರು. ತಾರಾನಾಥ ಟವೆಲು ಬಿಡಿಸಿ ಅವಳ ಹೆಗಲಿಗೆ ಹೊದಿಸಿದ. ಅವಳು ಅವನ ಮಾನ ಉಳಿಸಿದ್ದಳು, ಅಕ್ಕುವಿನ ಬೆಂಚಿನಲ್ಲಿ ಎಲ್ಲ ಕೇಳಿದ ಮೇಲೂ. ಅವಳು ಸುಳ್ಳು ಹೇಳಿದ್ದನ್ನು ಅವನು ಈವರೆಗೆ ಕಂಡಿರಲಿಲ್ಲ. ಕೆನ್ನೆಗೆ ಹೊಡೆದಿದ್ದರೆ ಇದಕ್ಕಿಂತ ಕಡಿಮೆ ಉರಿಯುತ್ತಿತ್ತು.

ವಾಪಸು ಬಸ್ಸಿನಲ್ಲಿ ಅವಲಕ್ಕಿಯ ಡಬ್ಬಿ ತೆರೆಯಲೇ ಇಲ್ಲ. ಅವಳ ಜಡೆಯಿಂದ ನೀರು ಇಳಿದು ರವಕೆಯ ಬೆನ್ನು ಒದ್ದೆಯಾಗಿತ್ತು, ಕಿಟಕಿಯ ಗಾಳಿಗೆ ಉಪ್ಪಿನ ವಾಸನೆ ಬರುತ್ತಿತ್ತು. ಪಡುಬಿದ್ರಿಯಲ್ಲಿ ಬದಲಿಸಿದ ಬಸ್ಸು ಊರು ಬಿಟ್ಟು ಗದ್ದೆಗಳ ನಡುವೆ ತಿರುಗಿದ ಮೇಲೆ ಅವಳು ಹೊರಗೆ ನೋಡುತ್ತಲೇ ಕೇಳಿದಳು, "ನೀವು ಚಾಚಿದ್ದು ಯಾವ ಕೈ?"

ಸುಳ್ಳನ್ನು ಇಲ್ಲಿಗೆ ನಿಲ್ಲಿಸಬಹುದಿತ್ತು. ಅವಳು ಬಾಗಿಲು ತೆರೆದು ಹಿಡಿದಿದ್ದಳು, ಒಳಗೆ ಬಂದು ತಪ್ಪಾಯಿತು ಎಂದರೆ ಸಾಕಿತ್ತು. ಹೂವಪ್ಪ ಹಗ್ಗ ಬಿಚ್ಚಿ ಚಾಚಿದ್ದೂ ಹೀಗೆಯೇ.

"ಬಲಗೈ," ಎಂದ ತಾರಾನಾಥ.

ಅವಳು ತಲೆಯಾಡಿಸಿದಳು. ಕಂಡಕ್ಟರ್ ಬಂದು ಚಿಲ್ಲರೆ ಕೊಟ್ಟು ಹೋದ. ಆಮೇಲೆ, ಅವನಿಗಲ್ಲ ಎಂಬಂತೆ, ಮೆಲ್ಲಗೆ ಹೇಳಿದಳು, "ನಾನು ಎರಡೂ ಕೈ ಚಾಚಿದ್ದೆ. ತುಂಬ ಹೊತ್ತು."

ಬೆಳ್ಮಣ್ ಬಂತು, ಯಾರೋ ಇಳಿದರು, ಯಾರೋ ಹತ್ತಿದರು. ಅವಳ ಕೈಗಳು ಮಡಿಲಲ್ಲಿ ಅಂಗಾತ ಬಿದ್ದಿದ್ದವು. ನೀರಿನಲ್ಲಿ ನೆನೆದು ಬೆರಳುಗಳ ತುದಿ ಇನ್ನೂ ಸುಕ್ಕಾಗಿ ಬಿಳಿಚಿಕೊಂಡೇ ಇತ್ತು, ಹೂವಪ್ಪನ ಬೆರಳುಗಳು ಯಾವಾಗಲೂ ಇರುತ್ತಿದ್ದ ಹಾಗೆ. ತಾರಾನಾಥ ಚೀಲದ ಹಿಡಿಯ ಸುತ್ತು ಬಿಚ್ಚಿದ. ತನ್ನ ಒಣಗಿದ ಬಲಗೈಯನ್ನು ನಿಧಾನವಾಗಿ ತೆಗೆದು ಅವಳ ಅಂಗೈಯಲ್ಲಿ ಇಟ್ಟ, ಅಲುಗಿಸದೆ. ಅವಳು ದೂಡಲಿಲ್ಲ. ಕಾರ್ಕಳ ಬರುವವರೆಗೂ ಕೈ ಅಲ್ಲಿಯೇ ಇತ್ತು, ಅವಳ ಬೆರಳುಗಳು ಮುಚ್ಚಲಿಲ್ಲ.